ತಿಪ್ಪೇಶ ಕಡ ತಂದ ಹಾಡು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಆರು ಗಂಟೆಗೆ ಎದ್ದೆ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಕೊಡ ಹಿಡಿದೆ. ಹಾಲಿನವಳು ಒಂದು ಲೀಟರ್ ಅಳೆಯಲು ಹೊರಟಾಗ ಅರ್ಧ ಸಾಕು ಅಂದೆ. ಅವಳು ಅರ್ಧ ಅಳೆದಳು. ಹದಿಮೂರು ದಿನ ಯಾರ್ಯಾರೋ ನನ್ನ ಅಡುಗೆಮನೆಯಲ್ಲಿ ಕಾಫಿ ಮಾಡಿದ್ದರು. ಸಕ್ಕರೆ ಡಬ್ಬಿ ಉಪ್ಪಿನಕಾಯಿ ಜಾಡಿಯ ಹಿಂದೆ ಸಿಕ್ಕಿತು. ಹಾಲು ಒಲೆಯ ಮೇಲಿಟ್ಟು ನಿಂತೆ. ಅದು ಬಿಸಿಯಾಗುವ ಹೊತ್ತಿಗೆ ನನ್ನ ಬಾಯಲ್ಲಿ ಒಂದು ಹಾಡು ಇತ್ತು.

ನಾನು ಹಾಡುವವಳಲ್ಲ. ನಮ್ಮೂರಲ್ಲಿ ಹಾಗೆ ಹೇಳಿಕೊಳ್ಳುವವರು ಕಡಿಮೆ. ಹುಟ್ಟಿದ ಮಗುವಿಗೆ ಅಜ್ಜಿಯೋ ಅತ್ತೆಯೋ ಒಂದು ಹಾಡು ಬಿಟ್ಟುಕೊಡುತ್ತಾರೆ. ನನಗೂ ಒಂದು ಇತ್ತು. ಎಂ.ಎಸ್ಸಿ. ಓದಲು ಹೋದಾಗ ಹಾಸ್ಟೆಲಿನಲ್ಲಿದ್ದ ನಮ್ಮೂರಿನವಳೊಬ್ಬಳು ಅದನ್ನು ಕಡ ಕೇಳಿದಳು, ಕೊಟ್ಟೆ, ವಾಪಸು ಕೇಳಲು ಮರೆತೆ. ಅದಿಲ್ಲದೆ ನನಗೆ ಏನೂ ತೊಂದರೆಯಾಗಲಿಲ್ಲ. ಕೊಟ್ಟ ಹಾಡು ಕೊಟ್ಟವರ ಬಾಯಲ್ಲಿ ಇರುವುದಿಲ್ಲ. ತಂದುಕೊಟ್ಟ ದಿನ ಅವರು "ಬಂತು" ಅನ್ನುತ್ತಾರೆ, ಕಡ ತಂದಿದ್ದವರ ಬಾಯಿ ಖಾಲಿಯಾಗುತ್ತದೆ. ಕಡ ತಂದವರು ಸತ್ತರೆ ಸೂತಕ ಕಳೆಯುವವರೆಗೆ ಹಾಡು ಎಲ್ಲೋ ಕಾದಿದ್ದು, ಆಮೇಲೆ ಅದೇ ಸೂರಿನಡಿ ಮಲಗುವವರ ಬಾಯಿಗೆ ಬರುತ್ತದೆ. ಎಲ್ಲ ಊರುಗಳಲ್ಲೂ ಹೀಗೆಯೇ ಎಂದು ಹದಿನೆಂಟು ವರ್ಷದವರೆಗೆ ನಾನು ತಿಳಿದಿದ್ದೆ.

ಬಂದ ಹಾಡು ಯಾರದೆಂದು ನನಗೆ ಗೊತ್ತಿತ್ತು. ಸಾಯುವ ಮುಂಚಿನ ಮೂರು ದಿನ ನನ್ನ ಗಂಡ ತಿಪ್ಪೇಶ ಇದನ್ನೇ ಗುನುಗುತ್ತ ಮನೆಯೆಲ್ಲ ಓಡಾಡಿದ್ದ. ಮಾತು ಹೆಚ್ಚಿಲ್ಲ ಅದರಲ್ಲಿ. "ಮೆಲ್ಲಕ ತಂಗಿ, ಮೆಲ್ಲಕ" ಎಂಬುದೇ ತಿರುಗಿ ತಿರುಗಿ ಬರುತ್ತದೆ. ಒಂದು ಜಾಗದಲ್ಲಿ ಅವನ ಗಂಟಲು ಪ್ರತಿ ಸಲವೂ ಚೂರು ತಡೆಯುತ್ತಿತ್ತು. ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಅದು ಇಲ್ಲದಿದ್ದರೆ ಮೈ ಹೇಗೆ ತಡೆಯುತ್ತದೋ ಹಾಗೆ. ಈಗ ಒಲೆಯ ಮುಂದೆ ನನ್ನ ಗಂಟಲು ಅದೇ ಜಾಗದಲ್ಲಿ, ಅವನದೇ ರೀತಿಯಲ್ಲಿ ತಡೆಯಿತು. ಹಾಲು ಉಕ್ಕಿ ಒಲೆ ಆರಿತು. ನಾನು ಇನ್ನೊಮ್ಮೆ ಹಾಡಿದೆ.

ತಿಪ್ಪೇಶ ಸಂಗೀತ ಶಾಲೆಯ ಮೇಷ್ಟ್ರು. ಪ್ರತಿ ತಿಂಗಳ ಎರಡನೆಯ ಶನಿವಾರ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳೆಯ ನೀರಿನ ಟ್ಯಾಂಕಿನ ಹಿಂದಿರುವ ಹಿರಿಯರ ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದ. ಬೋರ್ಡಿನಲ್ಲಿ ಹಾಗೆ ಬರೆದಿದೆ. ಊರಿನವರು ಅದನ್ನು ಮರೆವಿನ ಮನೆ ಅನ್ನುತ್ತಾರೆ. ಅಲ್ಲಿ ಹನ್ನೊಂದು ಜನ ಇದ್ದಾರೆ, ಮಕ್ಕಳ ಹೆಸರು, ಊಟವಾಯಿತೋ ಇಲ್ಲವೋ, ಈಗ ಯಾವ ಕಾಲ ಎಂಬುದೆಲ್ಲ ಮರೆತವರು. ವಿದ್ಯಾರ್ಥಿಗಳು ಪಿಟೀಲು, ಹಾರ್ಮೋನಿಯಂ, ತಬಲ ಇಟ್ಟುಕೊಂಡು ಸಾಲಾಗಿ ಕೂತು ಚೆನ್ನಾಗಿಯೇ ನುಡಿಸುತ್ತಿದ್ದರು. ಕೇಳುವವರು ಬಸ್ ಸ್ಟ್ಯಾಂಡಿನಲ್ಲಿ ಬೇರೆಯವರ ಬಸ್ಸಿನ ಪ್ರಕಟಣೆ ಕೇಳುವಂತೆ ಮರ್ಯಾದೆಯಿಂದ ಕೂತಿರುತ್ತಿದ್ದರು. ಒಂದು ಕಾಲಕ್ಕೆ ಪೋಸ್ಟ್‌ಮಾಸ್ಟರ್ ಆಗಿದ್ದ ಅಡಿವೆಪ್ಪ ಎಂಬುವರು ಮಾತ್ರ ಪ್ರತಿ ಹಾಡು ಮುಗಿದಾಗ "ಟಪಾಲು ಬಂತೇನ್ರಿ?" ಎಂದು ಕೇಳುತ್ತಿದ್ದರಂತೆ.

"ನಾವು ನಮ್ಮ ಹಾಡು ತಗೊಂಡೋಗಿ ಅವರ ಮುಂದೆ ಸುರೀತಿದೀವಿ ಕಣೆ. ಅವರದೇ ಹಾಡು ಅವರಿಗೆ ಕೇಳಿಸ್ಬೇಕು," ಎಂದು ತಿಪ್ಪೇಶ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಒಳ್ಳೆಯ ಯೋಚನೆ ಎಂದು ನಾನೂ ಹೇಳಿದೆ. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬ ಹಿರಿಯರಿಂದ ಒಂದೊಂದು ಹಾಡು ಕಡ ತರುವುದು, ಒಂದು ವಾರ ಅಭ್ಯಾಸ ಮಾಡಿ ವಾದ್ಯಗಳನ್ನು ಸೇರಿಸಿ ಚೆಂದ ಮಾಡುವುದು, ಶನಿವಾರ ಎಲ್ಲವನ್ನೂ ಅವರ ಮುಂದೆ ನುಡಿಸಿ ಹಿಂದಿರುಗಿಸುವುದು. ಹತ್ತು ಜನ ವಿದ್ಯಾರ್ಥಿಗಳು, ಹನ್ನೊಂದು ಜನ ಹಿರಿಯರು. ಬೋರಕ್ಕ ಎಂಬ ಮುದುಕಿಯ ಹಾಡು ಕಷ್ಟದ್ದು ಎಂದು ತಿಪ್ಪೇಶ ತಾನೇ ತಂದ. ಭಾನುವಾರ ಎಲ್ಲರೂ ನಗುತ್ತ ಕೊಟ್ಟರಂತೆ.

ಮರೆವಿಲ್ಲದವರು ಮಾತ್ರ ಮಾಡಬಹುದಾದ ತಪ್ಪು ಅದು. ನಾವು ಹಾಡು ಕಡ ಕೊಟ್ಟರೆ ಕೊಟ್ಟಿದ್ದೇವೆ ಎಂದು ನೆನಪಿರುತ್ತದೆ. ಅವರಿಗೆ ಕೊಟ್ಟದ್ದು ಮರುಗಳಿಗೆಗೆ ಮರೆತುಹೋಯಿತು. ಏನೋ ಇಲ್ಲ ಎಂಬುದು ಮಾತ್ರ ಉಳಿಯಿತು. ಸೋಮವಾರ ಬೆಳಗಾಗುವ ಹೊತ್ತಿಗೆ ಒಬ್ಬರು ಹಾಸಿಗೆಯ ಕೆಳಗೆ ಹುಡುಕುತ್ತಿದ್ದರು, ಇನ್ನೊಬ್ಬರು ದಿಂಬು ಬಿಚ್ಚಿ ಹತ್ತಿ ಹರಡಿದ್ದರು, ಅಡಿವೆಪ್ಪನವರು ಗೇಟಿನ ಹತ್ತಿರ ಕೂತು ಒಳಗೆ ಬರಲು ಒಪ್ಪಲಿಲ್ಲ. ಅಲ್ಲಿನ ಮೇಲ್ವಿಚಾರಕಿ ಫಿಲೋಮಿನಾ ಫೋನು ಮಾಡಿ ತಿಪ್ಪೇಶನಿಗೆ ಚೆನ್ನಾಗಿ ಬೈದರು. ಮಂಗಳವಾರವೇ ಹತ್ತು ಹಾಡುಗಳು ವಾಪಸು ಹೋದವು. ಪಿಟೀಲಿಲ್ಲ, ತಬಲ ಇಲ್ಲ, ವಿದ್ಯಾರ್ಥಿಗಳು ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ಮೆಲ್ಲಗೆ ಹಾಡಿ ಕೊಟ್ಟುಬಂದರು. ಹನ್ನೊಂದನೆಯದು ಮಾತ್ರ ಉಳಿಯಿತು. ತಂದ ಹಾಡನ್ನು ತಂದ ಹಾಗೆಯೇ ಕೊಡಬೇಕು, ಊನವಿದ್ದರೆ ಅದು ಹೋಗುವುದಿಲ್ಲ. "ಒಂದು ಜಾಗ ಕೂತಿಲ್ಲ, ನಾಳೆ ಕೊಟ್ಟುಬಿಡ್ತೀನಿ," ಅಂದ ತಿಪ್ಪೇಶ. ಬುಧವಾರ ಮಧ್ಯಾಹ್ನ ಶಾಲೆಯಲ್ಲಿ ತಂಬೂರಿ ಶ್ರುತಿ ಮಾಡುತ್ತ ಪಕ್ಕಕ್ಕೆ ವಾಲಿದ. ತಲೆಯೊಳಗೆ ನರ ಒಡೆದಿತ್ತು ಎಂದರು ಡಾಕ್ಟರು. ಅವನಿಗೆ ಮೂವತ್ತನಾಲ್ಕು.

ಹಾಡು ಬಂದ ಅದೇ ಬೆಳಿಗ್ಗೆ ಒಂಬತ್ತಕ್ಕೆ ಫಿಲೋಮಿನಾ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ತೋರಿಸಿದರೂ ಕೂರದೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತರು. "ಸಾವಿನ ಮನಿ ಬಾಗ್ಲಿಗೆ ಬಂದು ಕೊಟ್ಟಿದ್ದು ಕೇಳಬಾರ್ದು, ಗೊತ್ತೈತವ್ವ ನಂಗೆ. ಅದಕ್ಕೆ ಸೂತ್ಕ ಕಳೀಲಿ ಅಂತ ದಿನ ಎಣಿಸ್ಕೊಂಡು ಕುಂತಿದ್ದೆ. ಬಂತಾ ನಿಮಗೆ?"

"ಏನು?"

"ನನ್ ಹತ್ರ ಆಟ ಆಡ್ಬ್ಯಾಡ್ರಿ ಕುಮುದಮ್ಮ. ಗೇಟು ತೆಗಿಯೋವಾಗ್ಲೇ ಕೇಳಿಸ್ತು."

ಬೋರಕ್ಕ ಊಟ ಮಾಡುತ್ತಿಲ್ಲ ಎಂದರು. ಮೊದಲು ಅವಳಿಗೆ ಊಟ ಮಾಡಿಸುವುದೇ ಬೇಕಿರಲಿಲ್ಲವಂತೆ. ಹಾಡು ಹೇಳಿಕೊಳ್ಳುತ್ತ, ಒಂದು ಸಾಲು ಮುಗಿದಾಗ ಒಂದು ತುತ್ತು, ಇನ್ನೊಂದು ಸಾಲು ಮುಗಿದಾಗ ಇನ್ನೊಂದು. ಈಗ ತಟ್ಟೆ ಮುಂದಿಟ್ಟರೆ ತಟ್ಟೆಯನ್ನು ನೋಡುತ್ತಾಳೆ. ಬಾಯಿಗಿಟ್ಟರೆ ತುಟಿ ಬಿಗಿಯುತ್ತಾಳೆ. "ಗಂಜಿ ಮೂಗು ಹಿಡಿದು ಕುಡಿಸ್ತಿದೀನಿ. ಎಂಟು ಕೇಜಿ ಇಳಿದವ್ಳೆ. ಡಾಕ್ಟ್ರು ಮೂಗಿಗೆ ಪೈಪು ಹಾಕಣ ಅಂತಾವ್ರೆ. ಹಾಕಿದ್ರೆ ಕಿತ್ತಾಕ್ತಾಳೆ, ಕೈ ಕಟ್ಬೇಕಾಗ್ತೈತೆ. ನನ್ ಕೈಲಿ ಆಗಲ್ಲ ಅದು."

"ಬರ್ತೀನಿ. ಇವತ್ತಲ್ಲ," ಅಂದೆ.

"ಯಾವತ್ತು?"

"ಬರ್ತೀನಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಹೋಗಬಾರದು ಎಂದೇ ತೀರ್ಮಾನಿಸಿದ್ದೆ. ಇದನ್ನು ನಾನು ಸುತ್ತಿಬಳಸಿ ಹೇಳುವುದಿಲ್ಲ. ಆ ಹಾಡು ನನ್ನ ಬಾಯಲ್ಲಿರುವವರೆಗೆ ಬೇಕೆಂದಾಗ ಅವನ ಗಂಟಲು ನನಗೆ ಸಿಗುತ್ತಿತ್ತು. ಅವನ ಶರ್ಟುಗಳನ್ನು ಅತ್ತಿಗೆ ಕೊಂಡುಹೋಗಿದ್ದಳು, ತಂಬೂರಿ ಶಾಲೆಯದು, ಫೋಟೋಗಳಲ್ಲಿ ಅವನು ಕಣ್ಣು ಮುಚ್ಚಿರುತ್ತಾನೆ. ಅಳು ಬರುತ್ತಿರಲಿಲ್ಲ. ಬಂದಿದ್ದರೆ ಅದೂ ಒಂದು ಉಳಿಯುತ್ತಿತ್ತೇನೋ. ಉಳಿದದ್ದು ಆ ಚೂರು ತಡೆ ಒಂದೇ. ಊರಿನ ಕಟ್ಟಳೆಯೂ ನನ್ನ ಪರವಾಗಿಯೇ ಇತ್ತು. ಹಾಡು ಕೊಟ್ಟವರೇ ಬಾಯಿಬಿಟ್ಟು ಕೇಳಬೇಕು, ಅವರ ಪರವಾಗಿ ಬೇರೆಯವರು ಕೇಳಿದರೆ ಅದು ಕೇಳಿದಂತಲ್ಲ. ಬೋರಕ್ಕ ಕೇಳುವುದಿಲ್ಲ. ಕೊಟ್ಟದ್ದೇ ನೆನಪಿಲ್ಲದವಳು ಏನೆಂದು ಕೇಳಿಯಾಳು?

ಕೆಲಸಕ್ಕೆ ಹೋಗಲು ಶುರುಮಾಡಿದೆ. ನೀರು ಸರಬರಾಜು ಕಚೇರಿಯ ಪ್ರಯೋಗಾಲಯ ನನ್ನದು. ದಿನವೂ ಆರು ಕಡೆಯ ನೀರು ತರಿಸಿ ಅದರ ಗಡಸುತನ ಅಳೆಯುವುದು ಕೆಲಸ. ಕೊಳವೆಯಿಂದ ತೊಟ್ಟು ತೊಟ್ಟಾಗಿ ದ್ರಾವಣ ಬಿಡುತ್ತ ಬಣ್ಣ ಬದಲಾಗುವ ತೊಟ್ಟಿಗಾಗಿ ಕಾಯಬೇಕು. ಆ ವಾರವೆಲ್ಲ ಹಾಡಿಕೊಳ್ಳುತ್ತ ಕಾಯುತ್ತಿದ್ದೆ. ಬಾಗಿಲಾಚೆ ಗುಮಾಸ್ತರು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ. ಅವನು ಹೋದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡೆ, ನಿದ್ದೆಯೂ ಬಂತು.

ಮುಂದಿನ ಸೋಮವಾರ ಸಂಜೆ ಐದೂವರೆಗೆ ಕಚೇರಿಯ ಗೇಟಿನ ಹತ್ತಿರ ಜೈತುನ್ ನಿಂತಿದ್ದಳು. ತಿಪ್ಪೇಶನ ವಿದ್ಯಾರ್ಥಿಗಳಲ್ಲಿ ಪಿಟೀಲು ನುಡಿಸುವವಳು, ಹತ್ತೊಂಬತ್ತು ವರ್ಷ. ಹೆಗಲಿಗೆ ಪಿಟೀಲಿನ ಪೆಟ್ಟಿಗೆ. ಜೊತೆಯಲ್ಲಿ ನಡೆಯುತ್ತ ಬಂದಳು. ಬೇಕರಿ ದಾಟಿದ ಮೇಲೆ, "ಅಕ್ಕಾ, ನಾನು ಬೋರಕ್ಕಂಗೆ ನಂದೊಂದು ಹಾಡು ಕೊಟ್ಟೆ," ಅಂದಳು.

"ಕಡವಾಗಿಯಾ?"

"ಇಲ್ಲ. ಬಿಟ್ಟೇ ಕೊಟ್ಟೆ. ಕಡ ಕೊಟ್ರೆ ವಾಪಸ್ ಹೆಂಗೆ ಕೊಡ್ತಾರೆ ಅವ್ರು?"

"ತಗೊಂಡ್ರಾ?"

"ತಗೊಂಡ್ರು. ಎರಡು ತುತ್ತು ತಿಂದ್ರು. ಆಮೇಲೆ ಅದನ್ನ ಬಾಯಲ್ಲಿಟ್ಕೊಂಡು ಅತ್ರು. ಬೇರೆಯವ್ರ ಚಪ್ಪಲಿ ಹಾಕ್ಕೊಂಡು ಮನೆ ದಾರಿ ಹುಡುಕಿದಂಗೆ ಇತ್ತಕ್ಕಾ ಅವ್ರ ಮುಖ."

"ಯಾವ ಹಾಡು ಕೊಟ್ಟೆ?"

"ನಮ್ಮ ನಾನೀದು."

ಅವಳ ನಾನಿ, ತಾಯಿಯ ತಾಯಿ, ಹೋದ ವರ್ಷ ತೀರಿಕೊಂಡಿದ್ದರು. ತಿಪ್ಪೇಶ ಮಣ್ಣಿಗೆ ಹೋಗಿಬಂದದ್ದು ನನಗೆ ನೆನಪಿತ್ತು. ನಾನು ನಿಂತೆ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಕೋಪವಿದ್ದಿದ್ದರೆ ಸುಲಭವಾಗುತ್ತಿತ್ತು. "ನೀವು ಬರಲೇಬೇಕು ಅಂತ ಕೇಳೋಕೆ ಬಂದಿಲ್ಲ. ನಮ್ಮ ಮೇಷ್ಟ್ರ ಮೇಲೆ ಊರೋರು ಮಾತಾಡ್ತವ್ರೆ. ಮುದುಕಿ ಬಾಯಿಂದ ಹಾಡು ಕಿತ್ಕೊಂಡು ಸತ್ತ ಅಂತ. ಅದು ನಿಮ್ ಕಿವಿಗೆ ಬೇರೆ ಕಡೆಯಿಂದ ಬೀಳಬಾರ್ದು ಅಂತ ಬಂದೆ."

ಮರುದಿನ ಅರ್ಧ ದಿನ ರಜೆ ಹಾಕಿ ಹೋದೆ. ಬೋರಕ್ಕ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿದ್ದಳು. ಚಿಕ್ಕ ಮುಖ, ಅದಕ್ಕಿಂತ ದೊಡ್ಡದಾಗಿ ಕಾಣುವ ಕಿವಿಗಳು. ಕೈಗಳೆರಡೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ನೀರಿನಿಂದ ತೆಗೆದಿಟ್ಟವುಗಳ ಹಾಗೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸವೆದು ಗಾಜಿನಂತೆ ನುಣುಪಾಗಿತ್ತು, ಗೆರೆಗಳೇ ಇರಲಿಲ್ಲ. ಫಿಲೋಮಿನಾ ನನ್ನನ್ನು ನೋಡಿ, "ಬಂದ್ರಲ್ಲ, ಸಾಕು," ಎಂದು ಅವಳ ಕಿವಿಯ ಹತ್ತಿರ ಬಗ್ಗಿ, "ಬೋರಕ್ಕಾ, ನಿನ್ ಹಾಡು ತಂದವ್ರೆ ನೋಡೇ," ಎಂದು ಕೂಗಿದರು. ಬೋರಕ್ಕ ನನ್ನ ಸೀರೆಯ ಅಂಚನ್ನು ನೋಡಿದಳು.

ಹಾಡಿದೆ. ನಾನು ಜನರ ಮುಂದೆ ಹಾಡಿದ್ದು ಅದೇ ಮೊದಲು, ಆದರೂ ಧ್ವನಿ ನಡುಗಲಿಲ್ಲ. ತಿಪ್ಪೇಶ ಹಾಡುತ್ತಿದ್ದಂತೆಯೇ, ತೊಟ್ಟಿಲು ತೂಗಿದಂತೆ ನಿಧಾನವಾಗಿ ಹಾಡಿದೆ. "ಮೆಲ್ಲಕ ತಂಗಿ, ಮೆಲ್ಲಕ." ಬೋರಕ್ಕನ ತುಟಿ ಅದುರಿತು. ತಲೆ ಎತ್ತಿದಳು. ಆ ಜಾಗ ಬಂದು ನನ್ನ ಗಂಟಲು ತಡೆದಾಗ ಮುಖ ಕಹಿ ಮಾಡಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಮೂರು ಸಲ ಹಾಡಿದೆ. ಮೂರು ಸಲವೂ ಅಲ್ಲಿಯವರೆಗೆ ಬಂದು ತಿರುಗಿಕೊಂಡಳು. ಹಾಡು ನನ್ನ ಬಾಯಲ್ಲೇ ಇತ್ತು.

"ಅಲ್ಲೇ ಅಕ್ಕಾ," ಎಂದಳು ನನ್ನ ಜೊತೆ ಬಂದು ಪಿಟೀಲಿನ ಪೆಟ್ಟಿಗೆ ಹಿಡಿದು ನಿಂತಿದ್ದ ಜೈತುನ್. "ಮೇಷ್ಟ್ರಿಗೂ ಅಲ್ಲೇ ಸಿಕ್ತಿರ್ಲಿಲ್ಲ. ಜೋಗುಳದಂಗೆ ಐತೆ, ಆದ್ರೆ ಅಲ್ಲಿ ಏನೋ ಒಂದೈತೆ, ಅದು ಸ್ವರ ಅಲ್ಲ, ಸ್ವರದಲ್ಲಿ ಹುಡುಕ್ತಾ ಇದ್ದೀನಿ ಅಂತಿದ್ರು."

ಹಾಗಾದರೆ ನಾನು ಇಷ್ಟು ದಿನ ಜೋಪಾನ ಮಾಡಿಕೊಂಡಿದ್ದು ಆ ಹಾಡಿನ ಊನವನ್ನು.

ಮನೆಗೆ ಬಂದೆ. ಬೇಸರವಾಗಲಿಲ್ಲ. ಹಗುರವಾಯಿತು, ಅದನ್ನೂ ಹೇಳಬೇಕು. ನಾನು ಕೊಟ್ಟೆ, ಅವಳು ತೆಗೆದುಕೊಳ್ಳಲಿಲ್ಲ. ಇನ್ನು ಯಾರೂ ನನ್ನನ್ನು ಏನೂ ಅನ್ನುವಂತಿಲ್ಲ. ಹುಳಿ ಮಾಡಿ ಎರಡು ಸಲ ಬಡಿಸಿಕೊಂಡೆ. ಪಾತ್ರೆ ತೊಳೆಯುತ್ತ ಹಾಡಿಕೊಂಡೆ. ಆದರೆ ಪ್ರತಿ ಸಲ ಅವನ ತಡೆ ಬಂದಾಗ ಗೋಡೆಯ ಕಡೆ ತಿರುಗುವ ಆ ಚಿಕ್ಕ ಮುಖವೂ ಜೊತೆಗೇ ಬರತೊಡಗಿತು.

ಬುಧವಾರ ಪ್ರಯೋಗಾಲಯದಲ್ಲಿ ತೊಟ್ಟು ಬಿಡುತ್ತಿದ್ದಾಗ ಹಾಡಿನ ಜೊತೆ ಎಣಿಸಿದೆ. ಎಣಿಸುವುದು ನನಗೆ ಅಭ್ಯಾಸ. ಹನ್ನೆರಡು ತೊಟ್ಟಿಗೆ ಒಂದು ಸಾಲು ಮುಗಿಯಿತು. ಆ ತಡೆಯ ಜಾಗ ಬಂತು. ಮತ್ತೆ ಹನ್ನೆರಡು, ಮತ್ತೆ ಅದೇ ಜಾಗ. ಜೋಗುಳಕ್ಕೆ ಇಂಥ ಲೆಕ್ಕ ಯಾಕೆ ಬೇಕು? ತೊಟ್ಟಿಲು ಹೋಗುತ್ತದೆ ಬರುತ್ತದೆ, ಯಾರೂ ಹನ್ನೆರಡಕ್ಕೆ ನಿಲ್ಲಿಸುವುದಿಲ್ಲ. ಗಡಸುತನದ ಅಂಕಿ ಬಂತು. ಅದನ್ನು ಹಲಗೆಯ ಮೇಲೆ ಬರೆಯಲು ಸೀಮೆಸುಣ್ಣದ ಹೊಸ ಡಬ್ಬಿ ಒಡೆದೆ. ಕಡ್ಡಿಗಳು ಸಾಲಾಗಿ ಮಲಗಿದ್ದವು. ಒಂದು ಸಾಲಿಗೆ ಹನ್ನೆರಡು.

ನಮ್ಮೂರಿನ ಪಶ್ಚಿಮಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಮುಚ್ಚಿದ ಸೀಮೆಸುಣ್ಣದ ಕಾರ್ಖಾನೆ ಇದೆ. ಈಗಲೂ ಗಾಳಿ ಬೀಸಿದರೆ ಆ ಕಡೆಯ ಮರಗಳು ಬೆಳ್ಳಗಾಗುತ್ತವೆ. ಫಿಲೋಮಿನಾಗೆ ಫೋನು ಮಾಡಿದೆ. "ಬೋರಕ್ಕ ಮೊದಲು ಏನು ಕೆಲಸ ಮಾಡ್ತಿದ್ರು?"

"ಫಾರಮ್ಮಲ್ಲಿ ಕೂಲಿ ಅಂತ ಐತೆ."

"ಏನು ಕೂಲಿ?"

"ಕೂಲಿ ಅಂದ್ರೆ ಕೂಲಿ ಕಣವ್ವ. ಅದ್ರಾಗೆ ಎಂ.ಎಸ್ಸಿ. ಬ್ಯಾರೆ ಇರ್ತದೇನು?"

ನಾನು ಆ ಎರಡು ಬೆರಳ ತುದಿಗಳನ್ನು ನೆನೆದುಕೊಂಡೆ. ಸುಣ್ಣ ಚರ್ಮವನ್ನು ಹಾಗೆ ತಿನ್ನುತ್ತದೆ. ನನಗೆ ಇನ್ನೊಬ್ಬರನ್ನು ಕೇಳುವ ಅಗತ್ಯವಿರಲಿಲ್ಲ. ಅಂದರೆ ಬೋರಕ್ಕನ ಹಾಡು ಜೋಗುಳವಲ್ಲ, ಡಬ್ಬಿ ತುಂಬುವ ಕೆಲಸದ ಹಾಡು ಎಂದು ನನಗೆ ಗೊತ್ತಾಗಿತ್ತು. ಅದನ್ನು ಕೊಡಬೇಕೋ ಬೇಡವೋ ಎಂಬುದು ಆಗ ಮತ್ತೆ ನನ್ನ ಕೈಗೇ ಬಂತು. ಗುರುವಾರ ಹೋಗಲಿಲ್ಲ. ಶುಕ್ರವಾರ ಫಿಲೋಮಿನಾ ತಾವೇ ಫೋನು ಮಾಡಿ, ಪೈಪು ಹಾಕಲು ಸೋಮವಾರ ಬರುತ್ತಾರೆ ಎಂದರು. ಅಷ್ಟೇ ಹೇಳಿದರು, ಬೇರೇನೂ ಕೇಳಲಿಲ್ಲ. ಮರುದಿನ ಎರಡನೆಯ ಶನಿವಾರ.

ಹತ್ತು ಗಂಟೆಗೆ ಹೋದಾಗ ವಿದ್ಯಾರ್ಥಿಗಳು ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ಮೇಷ್ಟ್ರಿಲ್ಲದೆಯೂ ಬಂದಿದ್ದರು. ನಾನು ಅಂಗಡಿಯಿಂದ ತಂದ ಡಬ್ಬಿಯನ್ನು ಬೋರಕ್ಕನ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದೆ. ನೂರ ನಲವತ್ತನಾಲ್ಕು ಕಡ್ಡಿಗಳು ಉರುಳಿದವು. "ಅಯ್ಯೋ, ಊಟದ ಮೇಜಲ್ವೇನವ್ವ ಅದು!" ಎಂದು ಗಂಜಿಯ ಬಟ್ಟಲು ಹಿಡಿದಿದ್ದ ಫಿಲೋಮಿನಾ ಹಿಂದೆ ಸರಿದರು. ಅಡಿವೆಪ್ಪನವರು ದೂರದಿಂದ, "ಪಾರ್ಸೆಲ್ಲಾ? ಸೀಲು ಹಾಕ್ಸಿದೀರಾ?" ಎಂದರು.

"ಹಾಕ್ಸಬೇಕು ಸರ್," ಅಂದೆ.

ಖಾಲಿ ಡಬ್ಬಿಯನ್ನು ಬೋರಕ್ಕನ ಎದುರಿಟ್ಟೆ. ಅವಳು ನೋಡಲಿಲ್ಲ. ನಾನೇ ಒಂದು ಕಡ್ಡಿ ಎತ್ತಿ ಡಬ್ಬಿಯಲ್ಲಿ ಮಲಗಿಸುತ್ತ ಹಾಡಲು ಶುರುಮಾಡಿದೆ. ಈ ಸಲ ತೂಗಲಿಲ್ಲ. ಒಂದೊಂದು ಮಾತ್ರೆಗೆ ಒಂದೊಂದು ಕಡ್ಡಿ, ಕೆಲಸದ ವೇಗದಲ್ಲಿ. ಹಾಡು ಬೇರೆಯೇ ಆಯಿತು. ಅದಕ್ಕೆ ಬೆನ್ನುಮೂಳೆ ಬಂತು. ಜೈತುನ್ ಹತ್ತಿರ ಬಂದು ಪಿಟೀಲಿನ ಬೆನ್ನಿನ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ಬೇರೆಯವರ ಹಾಡನ್ನು ಅವಳು ನುಡಿಸುವಂತಿಲ್ಲ, ಆದರೆ ತಾಳಕ್ಕೆ ನಮ್ಮೂರಲ್ಲಿ ಒಡೆಯರಿಲ್ಲ. ಐದನೆಯ ಕಡ್ಡಿಗೆ ಬೋರಕ್ಕನ ಕಣ್ಣು ಡಬ್ಬಿಗೆ ಬಿತ್ತು. ಎಂಟನೆಯದಕ್ಕೆ ಬಲಗೈ ತೊಡೆಯಿಂದ ಎದ್ದಿತು. ಹತ್ತು, ಹನ್ನೊಂದು. ಹನ್ನೆರಡನೆಯದನ್ನು ಅವಳೇ ಇಟ್ಟಳು. ನಾನು ನೋಡುತ್ತಲೇ ಇರುವಂತೆ ಆ ಎರಡು ಬೆರಳು ಕಡ್ಡಿಯನ್ನು ಹಿಡಿದವು, ಹಿಡಿದಂತೆಯೇ ಕಾಣಲಿಲ್ಲ, ಇಟ್ಟವು. ಸಾಲು ಮುಗಿಯಿತು. ನನ್ನ ಗಂಟಲು ತಡೆಯಿತು.

ಬೋರಕ್ಕ ನನ್ನ ಮಣಿಕಟ್ಟಿನ ಮೇಲೆ ಫಟ್ಟನೆ ಹೊಡೆದಳು. "ಧೂಳು ಊದೇ! ಧೂಳಿನ ಮ್ಯಾಲೆ ಇಟ್ರೆ ಮುಂದಿನ ಸಾಲು ಕುಂತಾವೇನೇ? ಮೇಸ್ತ್ರಿ ನೋಡಿದ್ರೆ ಇಡೀ ಡಬ್ಬಿ ಮುಖಕ್ಕೆ ಎಸೀತಾನೆ."

ಹಾಡು ಹೋದ ಮೇಲೆ ಅವಳು ಆಡಿದ ಮೊದಲ ಮಾತು ಅದು ಎಂದು ಆಮೇಲೆ ಫಿಲೋಮಿನಾ ಹೇಳಿದರು. ನನಗೆ ಅರ್ಥವಾಯಿತು. ತಿಪ್ಪೇಶ ಮೂರು ದಿನ ಹುಡುಕಿದ್ದು ಒಂದು ಉಸಿರನ್ನು. ಸಾಲು ಮುಗಿದ ಮೇಲೆ ಕಡ್ಡಿಗಳ ಮೇಲಿನ ಪುಡಿಯನ್ನು ಊದಿ ಹಾರಿಸುವ ಒಂದು ಉಸಿರು. ಮೂವತ್ತು ಹೆಂಗಸರು ಒಂದು ಶೆಡ್ಡಿನಲ್ಲಿ ಒಟ್ಟಿಗೆ ಹಾಡಿ ಒಟ್ಟಿಗೆ ಊದಿರಬೇಕು. ಒಬ್ಬನೇ ಅಡುಗೆಮನೆಯಲ್ಲಿ ನಿಂತು ಹಾಡುವವನಿಗೆ ಅದು ಎಲ್ಲಿ ಸಿಗಬೇಕು? ಅಲ್ಲಿ ಅವನ ಗಂಟಲು ಖಾಲಿ ಜಾಗಕ್ಕೆ ಕಾಲಿಟ್ಟು ತಡವರಿಸಿತ್ತು.

ಊದಿದರೆ ಆ ತಡೆ ಇರುವುದಿಲ್ಲ. ಹಾಡೂ ಇರುವುದಿಲ್ಲ. ಜೈತುನ್ ನನ್ನ ಮುಖ ನೋಡುತ್ತಿದ್ದಳು, ಅವಳಿಗೂ ಅದು ಗೊತ್ತಿತ್ತು. ನಾನು ಒಂದು ಸಲ, ಕೊನೆಯ ಸಲ, ಮನಸ್ಸಿನಲ್ಲಿ ಅವನ ಹಾಗೆ ಹಾಡಿಕೊಂಡೆ. ಅವಸರ ಮಾಡಲಿಲ್ಲ. ಆಮೇಲೆ ಬಗ್ಗಿ ಡಬ್ಬಿಯೊಳಕ್ಕೆ ಊದಿದೆ.

ಬಿಳಿ ಧೂಳು ಎದ್ದು ಕಿಟಕಿಯ ಬಿಸಿಲಿನಲ್ಲಿ ನಿಂತಿತು. ಫಿಲೋಮಿನಾ ಗಂಜಿಯ ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡರು. "ಹಾಂ," ಎಂದಳು ಬೋರಕ್ಕ. ಎರಡನೆಯ ಸಾಲು ಹಾಡಿದೆ, ಇಬ್ಬರೂ ಇಟ್ಟೆವು, ಇಬ್ಬರೂ ಊದಿದೆವು. ಮೂರನೆಯ ಸಾಲಿನಲ್ಲಿ ಅವಳ ಧ್ವನಿ ನನ್ನದರ ಕೆಳಗೆ ಬಂದು ಸೇರಿತು, ಒಡಕು ಮಡಕೆಯ ಧ್ವನಿ. ನಾಲ್ಕನೆಯ ಸಾಲಿನ ಏಳನೆಯ ಕಡ್ಡಿಗೆ ನನ್ನ ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮಾತು ಗೊತ್ತಿತ್ತು, ಧಾಟಿ ಇರಲಿಲ್ಲ. ಬೋರಕ್ಕ ನಿಲ್ಲಿಸದೆ ಎಂಟನೆಯ ಕಡ್ಡಿ ಎತ್ತಿಕೊಂಡಳು.

ಸಾಲು ಮುಗಿದು ಊದಿದ ಮೇಲೆ ಅವಳ ಬಾಯಿ ತೆರೆದೇ ಇತ್ತು. ಫಿಲೋಮಿನಾ ಒಂದು ಚಮಚ ಗಂಜಿ ಇಟ್ಟರು. ನುಂಗಿದಳು. ಮತ್ತೆ ಹನ್ನೆರಡು, ಮತ್ತೆ ಉಸಿರು, ಮತ್ತೆ ಒಂದು ಚಮಚ. ಅಂಗಳದಿಂದ ತಬಲದವನು ತಾಳ ಹಿಡಿದ. ಫಿಲೋಮಿನಾ ಅಳುತ್ತಿದ್ದರು, ಚಮಚ ಮಾತ್ರ ತಪ್ಪಲಿಲ್ಲ. ನಾನು ಕಡ್ಡಿ ಎತ್ತಿಕೊಡುತ್ತಿದ್ದೆ. ಆರನೆಯ ಸಾಲಿನಲ್ಲಿ ಒಂದನ್ನು ಒತ್ತಿ ಮುರಿದೆ.

"ಹೊಸಬ್ಳೇನೇ ನೀನು? ಕೈ ಚುರುಕಿಲ್ಲ," ಎಂದಳು ಬೋರಕ್ಕ ನನ್ನನ್ನು ಮೊದಲ ಬಾರಿಗೆ ನೋಡುತ್ತ. "ಯಾರ ಪೈಕಿ?"

"ತಿಪ್ಪೇಶನ ಹೆಂಡ್ತಿ."

"ಯಾವ ತಿಪ್ಪೇಶ?"

"ನಿಮ್ಮ ಹಾಡು ಕಡ ತಗೊಂಡು ಹೋಗಿದ್ದೋನು."

ಅವಳ ಕೈ ಡಬ್ಬಿಯ ಮೇಲೆ ನಿಂತಿತು. ಯೋಚನೆ ಮಾಡುತ್ತಿರುವವಳಂತೆ ಹುಬ್ಬು ಗಂಟು ಹಾಕಿದಳು. "ತಂದುಕೊಟ್ನಾ?"

"ತಂದುಕೊಟ್ಟ," ಅಂದೆ.

"ಹಂಗಾರೆ ಬಂತು ಬಿಡು. ಒಳ್ಳೇವ್ನೇ ಅವ್ನು." ಮುರಿದ ಕಡ್ಡಿಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, "ಕೈ ಆಡ್ಸು, ಇನ್ನೂ ಅರ್ಧ ಡಬ್ಬಿ ಐತೆ," ಎಂದಳು.